ಗುರುಗಳಿಲ್ಲದ ಮನೆಗಳಲ್ಲಿ ಧರ್ಮೋಪದೇಶ

ಡಿಸೆಂಬರ್ 3ರಂದು ಧರ್ಮಸಭೆಯು ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬವನ್ನು ಕೊಂಡಾಡುತ್ತದೆ. ನಮ್ಮ ನಾಡಿನ ಕ್ರೈಸ್ತರಿಗೆ ಈ ಸಂತರು ದೂರದವರಲ್ಲ. ಮಕ್ಕಳಿಗೆ ಸವೇರಿಯಪ್ಪ, ಚೌರಪ್ಪ ಎಂದು ಹೆಸರಿಟ್ಟು ಕರೆದ ಮನೆಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೇ ಗೋವೆಯಲ್ಲಿ ಅವರ ಪವಿತ್ರ ಶರೀರದ ದರ್ಶನ ನಡೆದಾಗ ಕರ್ನಾಟಕದಿಂದಲೂ ಭಕ್ತಾದಿಗಳು ಬಸ್ಸು ಕಟ್ಟಿಕೊಂಡು ಹೋಗಿಬಂದರು. ಹಬ್ಬದ ಪ್ರಬೋಧನೆಯಲ್ಲಿ ನಾವು ಗುರುಗಳು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಅವರು ಎಷ್ಟು ಜನರಿಗೆ ದೀಕ್ಷಾಸ್ನಾನ ಕೊಟ್ಟರು, ಕೊಟ್ಟು ಕೊಟ್ಟು ಅವರ ಕೈಗಳು ಹೇಗೆ ಸೋತುಹೋದವು ಎಂಬುದು. ಅದು ಸುಳ್ಳಲ್ಲ, ಅವರ ಪತ್ರಗಳಲ್ಲೇ ಇದೆ. ಆದರೆ ದೀಕ್ಷಾಸ್ನಾನ ಕೊಟ್ಟು ಮುಂದಿನ ಊರಿಗೆ ಹೊರಟುಹೋದ ಮೇಲೆ ಹಿಂದುಳಿದ ಆ ಮನೆಗಳಲ್ಲಿ ಏನಾಯಿತು? ಕಲಿಸಿದ ಮಂತ್ರ, ಕಲಿಸಿದ ವಿಶ್ವಾಸ ಅಲ್ಲಿ ಉಳಿಯಿತೇ? ಉಳಿದಿದ್ದರೆ ಅಡುಗೆಮನೆಯಲ್ಲಿ, ಗದ್ದೆಯಲ್ಲಿ, ಸಾವಿನ ಮನೆಯಲ್ಲಿ ಅದು ಏನು ಕೆಲಸ ಮಾಡಿತು? ಈ ಬಾರಿ ಈ ಪ್ರಶ್ನೆಯನ್ನು ಹಿಡಿದು ಸಂತರು 1549ರಲ್ಲಿ ಕಾಲಿಟ್ಟ ಜಪಾನ್ ದೇಶದತ್ತ ಸ್ವಲ್ಪ ನೋಡೋಣ.

ಮೊದಲು ಅವರ ಕಲಿಸುವ ಕ್ರಮ. 1542ರ ಮೇ 6ರಂದು ಗೋವೆಗೆ ಬಂದಿಳಿದ ಫ್ರಾನ್ಸಿಸರು ಬೀದಿ ಬೀದಿಗಳಲ್ಲಿ ಗಂಟೆ ಬಾರಿಸುತ್ತಾ ಮಕ್ಕಳನ್ನೂ ಆಳುಕಾಳುಗಳನ್ನೂ ಧರ್ಮೋಪದೇಶಕ್ಕೆ ಕರೆಯುತ್ತಿದ್ದರು. ಅದೇ ವರ್ಷ ತಮಿಳುನಾಡಿನ ಮುತ್ತು ಕರಾವಳಿಗೆ ಹೋದಾಗ ಅವರಿಗೆ ಭಾಷೆ ಬಾರದು. ಎರಡೂ ಭಾಷೆ ತಿಳಿದವರನ್ನು ಕೂಡಿಸಿಕೊಂಡು ಶಿಲುಬೆಯ ಗುರುತು, ವಿಶ್ವಾಸಸಂಗ್ರಹ, ಪರಲೋಕ ಮಂತ್ರ, ನಮೋ ಮರಿಯಾ, ಹತ್ತು ಕಟ್ಟಳೆಗಳನ್ನು ತಮಿಳಿಗೆ ಇಳಿಸಿ ತಾವೇ ಬಾಯಿಪಾಠ ಮಾಡಿಕೊಂಡರು. ಭಾನುವಾರ ಊರವರನ್ನೆಲ್ಲ ಸೇರಿಸಿ ವಿಶ್ವಾಸಸಂಗ್ರಹದ ಒಂದೊಂದು ವಾಕ್ಯ ಹೇಳಿ, 'ಇದನ್ನು ನಂಬುತ್ತೀರಾ?' ಎಂದು ಕೇಳುತ್ತಿದ್ದರು. ಜನ ಎದೆಯ ಮೇಲೆ ಕೈಗಳನ್ನು ಶಿಲುಬೆಯಂತೆ ಮಡಚಿ 'ನಂಬುತ್ತೇವೆ' ಎನ್ನುತ್ತಿದ್ದರು. ಮಕ್ಕಳಿಗೆ ಇನ್ನೊಂದು ಹೊಣೆ: ಕಲಿತದ್ದನ್ನು ಮನೆಗೆ ಹೋಗಿ ಅಪ್ಪ ಅಮ್ಮನಿಗೂ ಅಕ್ಕಪಕ್ಕದವರಿಗೂ ಕಲಿಸಬೇಕು. ಕಾಯಿಲೆ ಬಿದ್ದವರು ಕರೆದಾಗ ತಾವು ಹೋಗಲಾಗದಿದ್ದರೆ ಜಪಮಾಲೆ ಕೊಟ್ಟು ಮಕ್ಕಳನ್ನೇ ಕಳಿಸುತ್ತಿದ್ದರು. ಅವರು ರೋಗಿಯ ಬಳಿ ವಿಶ್ವಾಸಸಂಗ್ರಹ ಹೇಳಿ ಬರುತ್ತಿದ್ದರು. ಊರು ಬಿಡುವ ಮುನ್ನ ಪ್ರಾರ್ಥನೆಗಳ ಒಂದು ಪ್ರತಿಯನ್ನು ಅಲ್ಲಿ ಬಿಟ್ಟು, ಬರೆಯಬಲ್ಲವರು ನಕಲು ಮಾಡಿಕೊಳ್ಳಲಿ ಎನ್ನುತ್ತಿದ್ದರು. ಅಂದರೆ ಗುರುಗಳು ಇರುವುದಿಲ್ಲ ಎಂಬ ಲೆಕ್ಕ ಹಾಕಿಯೇ ಅವರು ಕಲಿಸಿದ್ದು.

1549ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನವೇ, ಅವರು ಜಪಾನಿನ ಕಾಗೋಷಿಮಾ ಮುಟ್ಟಿದರು. ಜೊತೆಗೆ ಗೋವೆಯಲ್ಲಿ ದೀಕ್ಷಾಸ್ನಾನ ಪಡೆದಿದ್ದ ಅಂಜಿರೋ ಎಂಬ ಜಪಾನೀಯನಿದ್ದ. ಅವನ ಸಹಾಯದಿಂದ ಮಾಡಿಸಿದ ಅನುವಾದದಲ್ಲಿ ದೇವರಿಗೆ 'ದೈನಿಚಿ' ಎಂಬ ಪದ ಬಳಸಲಾಗಿತ್ತು. ಅದು ಬೌದ್ಧರು ಪೂಜಿಸುವ ಒಂದು ಬುದ್ಧರೂಪದ ಹೆಸರು ಎಂಬುದು ತಡವಾಗಿ ತಿಳಿಯಿತು. ತಿಳಿದ ಕೂಡಲೇ ಫ್ರಾನ್ಸಿಸರು ಆ ಪದವನ್ನು ಕೈಬಿಟ್ಟು ಲ್ಯಾಟಿನ್ನಿನ 'ದೇಯುಸ್' ಎಂಬುದನ್ನೇ ಇಟ್ಟುಕೊಂಡರು. ಒಂದು ಪದಕ್ಕೆ ಇಷ್ಟು ರಗಳೆ ಏಕೆ ಎನ್ನಬಹುದು. ಕೈಮುಗಿಯುವುದು ಯಾರಿಗೆ ಎಂಬುದೇ ಆ ಪದದಲ್ಲಿತ್ತು ಎಂಬುದು ನಮ್ಮ ಉತ್ತರ. 1551ರ ನವೆಂಬರಿನಲ್ಲಿ ಅವರು ಜಪಾನ್ ಬಿಟ್ಟರು; ಮರುವರ್ಷ ಡಿಸೆಂಬರ್ 3ರಂದು ಚೀನಾದ ಬಾಗಿಲಲ್ಲಿ, ಶಾಂಗ್‌ಚುವಾನ್ ದ್ವೀಪದಲ್ಲಿ ಪ್ರಾಣಬಿಟ್ಟರು.

ಅವರ ನಂತರ ಬಂದ ಯೇಸುಸಭೆಯವರು 1590ರಲ್ಲಿ ಜಪಾನಿಗೆ ಒಂದು ಮುದ್ರಣ ಯಂತ್ರ ತಂದರು. ಅದು ಹೋದದ್ದೂ ನಮ್ಮ ಗೋವೆಯ ಮೂಲಕವೇ. ಆ ಯಂತ್ರದಲ್ಲಿ ಅಚ್ಚಾದ ಮೊದಲ ಪುಸ್ತಕಗಳಲ್ಲಿ 'ದೊಚಿರಿನ ಕಿರಿಶಿತಾನ್' ಒಂದು; 'ಕ್ರೈಸ್ತ ಧರ್ಮೋಪದೇಶ' ಎಂದೇ ಅದರ ಅರ್ಥ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಇಂದಿಗೂ 'ದೊತೊರ್ನ್' ಎನ್ನುತ್ತಾರಲ್ಲ, ಅದೇ ಪೋರ್ಚುಗೀಸ್ ಪದದ ಇನ್ನೊಂದು ಕವಲು. ಮೂಲ ಪೋರ್ಚುಗೀಸ್ ಪುಸ್ತಕದಲ್ಲಿ ಗುರು ಪ್ರಶ್ನೆ ಕೇಳುತ್ತಾನೆ, ಶಿಷ್ಯ ಉತ್ತರ ಒಪ್ಪಿಸುತ್ತಾನೆ. ಜಪಾನೀ ಪುಸ್ತಕದಲ್ಲಿ ಇದನ್ನು ತಿರುಗಿಸಿದರು: ಶಿಷ್ಯ ಕೇಳುತ್ತಾನೆ, ಗುರು ವಿವರಿಸುತ್ತಾನೆ. ನಮ್ಮ ಭಾನುವಾರದ ಧರ್ಮೋಪದೇಶ ತರಗತಿಗಳನ್ನು ನೆನೆದರೆ ಇದು ನಮಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಕೇಳಲು ಬಿಟ್ಟ ಮಗುವಿಗೆ ಉತ್ತರ ನೆನಪಿರುತ್ತದೆ.

1603ರಲ್ಲಿ ಇನ್ನೊಂದು ಕಿರುಪುಸ್ತಕ ಬಂತು. ಅದರ ವಿಷಯ ಒಂದೇ: ಪರಿಪೂರ್ಣ ಪಶ್ಚಾತ್ತಾಪ. ಮರಣಾಪಾಯದಲ್ಲಿರುವವನಿಗೆ ಪಾಪನಿವೇದನೆ ಕೇಳಲು ಗುರುಗಳು ಸಿಗದಿದ್ದರೆ ಅವನು ಏನು ಮಾಡಬೇಕು? ನರಕದ ಭಯಕ್ಕಲ್ಲ, ದೇವರ ಮೇಲಿನ ಪ್ರೀತಿಗಾಗಿ ಪಾಪವನ್ನು ಮನಸಾರೆ ಹೇಸಿ, ಗುರುಗಳು ಸಿಕ್ಕಿದ ಕೂಡಲೇ ನಿವೇದಿಸುವೆನೆಂಬ ಸಂಕಲ್ಪ ಮಾಡಿದರೆ ದೇವರ ಕ್ಷಮೆ ಅವನಿಗುಂಟು. ಇದು ಜಪಾನಿನಲ್ಲಿ ಹುಟ್ಟಿದ ಬೋಧನೆಯಲ್ಲ. ತ್ರೆಂತ್ ಮಹಾಸಭೆಯು 1551ರ ನವೆಂಬರಿನಲ್ಲಿ, ಅಂದರೆ ಫ್ರಾನ್ಸಿಸರು ಜಪಾನ್ ಬಿಟ್ಟ ತಿಂಗಳಲ್ಲೇ, ಪಾಪನಿವೇದನೆಯ ಸಂಸ್ಕಾರದ ಬಗ್ಗೆ ಕಲಿಸುತ್ತಾ ಇದನ್ನು ಸ್ಪಷ್ಟಪಡಿಸಿತ್ತು. ಯುರೋಪಿನ ದೇವಶಾಸ್ತ್ರಜ್ಞರು ಬರೆದಿಟ್ಟ ಈ ವಿವರ ಮುಂದೆ ಎಷ್ಟು ಬಡ ಬೇಸಾಯಗಾರರನ್ನು ಕಾಯಲಿದೆ ಎಂದು ಆಗ ಯಾರಿಗೆ ಗೊತ್ತಿತ್ತು!

ಹಿಂಸೆಯ ಕಥೆಯನ್ನು ನಾವು ಬೇಗ ದಾಟೋಣ, ಅದು ಬಹಳ ಕಡೆ ಬರೆಯಲ್ಪಟ್ಟಿದೆ. 1587ರಲ್ಲಿ ಹಿದೆಯೋಶಿಯು ಗುರುಗಳನ್ನು ದೇಶಬಿಟ್ಟು ಹೋಗುವಂತೆ ಆಜ್ಞೆ ಮಾಡಿದ. 1597ರ ಫೆಬ್ರವರಿ 5ರಂದು ನಾಗಸಾಕಿಯ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೆ ಏರಿಸಿದರು. ಅವರಲ್ಲಿ ಒಬ್ಬರು ಮುಂಬಯಿ ಬಳಿಯ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ. 1614ರಲ್ಲಿ ಇಡೀ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಂತು. ಆಗ ಅಲ್ಲಿ ಸುಮಾರು ಮೂರು ಲಕ್ಷ ಕ್ರೈಸ್ತರಿದ್ದರೆಂದು ಇತಿಹಾಸಕಾರರ ಅಂದಾಜು. ಅಡಗಿದ್ದ ಗುರುಗಳನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೊಂದರು. 1644ರಲ್ಲಿ ಮಾನ್ಸಿಯೊ ಕೊನಿಷಿ ಎಂಬ ಜಪಾನೀ ಗುರುವಿನ ರಕ್ತಸಾಕ್ಷಿ ಮರಣದೊಡನೆ ಆ ದೇಶದಲ್ಲಿ ಬಲಿಪೂಜೆ ಅರ್ಪಿಸುವವರು ಇಲ್ಲವಾದರು. ಪೂಜೆಯಿಲ್ಲ, ಪರಮಪ್ರಸಾದವಿಲ್ಲ, ದೃಢೀಕರಣವಿಲ್ಲ, ಪಾಪನಿವೇದನೆಯಿಲ್ಲ. ಉಳಿದದ್ದು ನೀರು, ಬಾಯಿಪಾಠದ ಮಂತ್ರಗಳು, ಮತ್ತು ಒಂದು ಪಂಚಾಂಗ.

ಇದನ್ನು ಇಟ್ಟುಕೊಂಡು ಅವರು ಎರಡು ಶತಮಾನಕ್ಕೂ ಹೆಚ್ಚು ಕಾಲ ಹೇಗೆ ಬಾಳಿದರು ಎಂಬುದನ್ನು ನಾಗಸಾಕಿಗೆ ಅಂಟಿಕೊಂಡಿದ್ದ ಉರಕಾಮಿ ಎಂಬ ಹಳ್ಳಿಯಲ್ಲಿ ನೋಡಬಹುದು. ಅಲ್ಲಿ ಮೂರು ಬಗೆಯ ಜವಾಬ್ದಾರಿಗಳಿದ್ದವು. 'ಚೋಕತ' ಎಂಬ ಹಿರಿಯನ ಬಳಿ ಪಂಚಾಂಗವಿರುತ್ತಿತ್ತು. 1634ರ ಕ್ರೈಸ್ತ ದಿನಸೂಚಿಯನ್ನು ಆಧಾರವಾಗಿಟ್ಟುಕೊಂಡು, ಚಂದ್ರಮಾನದ ಲೆಕ್ಕಕ್ಕೆ ಹೊಂದಿಸಿ, ಭಾನುವಾರ ಯಾವುದು, ಉಪವಾಸ ಎಂದು, ಹಬ್ಬ ಎಂದು ಎಂಬುದನ್ನು ಅವನು ಗುಣಿಸಿ ಹೇಳುತ್ತಿದ್ದ. 'ಮಿಜುಕತ' ಎಂದರೆ ನೀರಿನವನು. ಹುಟ್ಟಿದ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವನು. 'ಕಿಕಿಯಾಕು' ಎಂಬವನು ಮನೆಮನೆಗೆ ಹೋಗಿ ಈ ಸುದ್ದಿ ಮುಟ್ಟಿಸುವವನು: ನಾಳೆ ಕೆಲಸಕ್ಕೆ ಬಿಡುವು, ನಾಡಿದ್ದು ಉಪವಾಸ. ಈ ವ್ಯವಸ್ಥೆ ಏಕಾಏಕಿ ಹುಟ್ಟಿದ್ದಲ್ಲ. ನಿಷೇಧಕ್ಕೆ ಮೊದಲೇ ರೋಗಿಗಳನ್ನು ನೋಡಿಕೊಳ್ಳಲು, ಸತ್ತವರನ್ನು ಮಣ್ಣು ಮಾಡಲು ಕಟ್ಟಿಕೊಂಡಿದ್ದ ಭಕ್ತರ ಸಂಘಗಳೇ ನೆಲದಡಿಯಲ್ಲಿ ಹೀಗೆ ಬೇರುಬಿಟ್ಟವು. ಸಂಘದ ಸಭೆಯೆಂದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಚಹಾ ಕುಡಿದು ಬರುವುದು ಎಂದುಕೊಂಡಿರುವ ನಮ್ಮ ಕೆಲವು ಬಂಧುಗಳು ಇದನ್ನು ಗಮನಿಸಬೇಕು.

ಧರ್ಮೋಪದೇಶವು ದಿನದ ಬದುಕಿಗೆ ಇಳಿಯುವುದು ಎಂದರೆ ಇದೇ. ಯಾವ ದಿನ ನೇಗಿಲು ಹಿಡಿಯಬಾರದು, ಯಾವ ದಿನ ಮಾಂಸ ಮುಟ್ಟಬಾರದು, ಮಗು ಹುಟ್ಟಿದರೆ ಯಾರನ್ನು ಕರೆಯಬೇಕು, ಯಾರಾದರೂ ಸತ್ತರೆ ಪಕ್ಕದ ಕೋಣೆಯಲ್ಲಿ ಏನು ಹೇಳಬೇಕು. ಪಕ್ಕದ ಕೋಣೆ ಎಂದದ್ದಕ್ಕೆ ಕಾರಣವಿದೆ. ಕಾನೂನಿನ ಪ್ರಕಾರ ಪ್ರತಿ ಮನೆಯೂ ಒಂದು ಬೌದ್ಧ ದೇವಾಲಯದಲ್ಲಿ ನೋಂದಾಯಿಸಿರಬೇಕು, ಸಾವಾದರೆ ಅಲ್ಲಿನ ಸನ್ಯಾಸಿಯೇ ಬಂದು ಮಂತ್ರ ಹೇಳಬೇಕು. ಅವನು ಹೆಣದ ಮುಂದೆ ಕುಳಿತು ಹೇಳುತ್ತಿರುವಾಗಲೇ ಇವರಲ್ಲಿ ಕೆಲವರು ಮರೆಯಲ್ಲಿ ಕುಳಿತು ತಮ್ಮ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು.

ಇನ್ನು ಎಲ್ಲಕ್ಕಿಂತ ಕಷ್ಟದ ವಿಷಯ. ನಾಗಸಾಕಿ ಪ್ರಾಂತ್ಯದಲ್ಲಿ ಪ್ರತಿವರ್ಷ ಹೊಸ ವರ್ಷದ ಆರಂಭದಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ಯೇಸುಕ್ರಿಸ್ತರ ಅಥವಾ ಮರಿಯಮ್ಮನವರ ಚಿತ್ರಫಲಕವನ್ನು ತುಳಿಸುತ್ತಿದ್ದರು. ತುಳಿಯಲು ಒಪ್ಪದವನು ಕ್ರೈಸ್ತನೆಂದು ಸಿಕ್ಕಿಬೀಳುತ್ತಿದ್ದ. ಅವನೊಡನೆ ಅವನ ಮನೆಯವರು, ನೆರೆಯವರು ಎಲ್ಲರೂ. ಉರಕಾಮಿಯಲ್ಲಿ ಇದು ನಡೆಯುತ್ತಿದ್ದುದು ಊರ ಮುಖ್ಯಸ್ಥನ ಮನೆಯಲ್ಲಿ. ಬಹುಪಾಲು ಜನ ತುಳಿದರು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ತುಳಿದು ಮನೆಗೆ ಬಂದು, ಬಾಗಿಲು ಮುಚ್ಚಿ, ಪಶ್ಚಾತ್ತಾಪದ ಮಂತ್ರ ಹೇಳುತ್ತಿದ್ದರು. 1603ರ ಆ ಕಿರುಪುಸ್ತಕದ ಕೈಬರಹದ ನಕಲುಗಳು ಕೈಯಿಂದ ಕೈಗೆ ದಾಟಿಬಂದಿದ್ದವು.

ಇದನ್ನು ಧರ್ಮಕೇಂದ್ರದಲ್ಲಿ ಹೇಳಿದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ಸ್ವಾಮಿ, ಮುಂದಿನ ವರ್ಷವೂ ತುಳಿಯಬೇಕು ಎಂದು ಗೊತ್ತಿದ್ದೇ ಪಶ್ಚಾತ್ತಾಪ ಪಟ್ಟರೆ ಅದು ಪಶ್ಚಾತ್ತಾಪವೇ?' ಸರಿಯಾದ ಪ್ರಶ್ನೆ. ಸೆಮಿನರಿಯಲ್ಲಿ ನಾವು ಓದಿದ ಪಾಠದ ಪ್ರಕಾರ ಪಶ್ಚಾತ್ತಾಪಕ್ಕೆ ಇನ್ನು ಮುಂದೆ ಆ ಪಾಪ ಮಾಡೆನೆಂಬ ದೃಢ ಸಂಕಲ್ಪ ಬೇಕು. ಹಾಗೆಂದು ಈ ಜನರನ್ನು ಆ ಅಳತೆಗೋಲಿನಿಂದ ಅಳೆದು ಬದಿಗಿಡಲು ನಮ್ಮ ಕೈ ಬರುವುದಿಲ್ಲ. ತಲೆಯ ಮೇಲೆ ಕತ್ತಿ ಇರುವಾಗ ಮನುಷ್ಯನ ಹೊಣೆ ಎಷ್ಟು ಎಂಬುದನ್ನೂ ಅದೇ ನೀತಿಶಾಸ್ತ್ರ ಕಲಿಸುತ್ತದೆ. ತುಳಿಯದೆ ಸತ್ತವರು ಸಂತರಾದರು, ಸರಿಯೇ. 2008ರ ನವೆಂಬರ್ 24ರಂದು ನಾಗಸಾಕಿಯಲ್ಲಿ 188 ರಕ್ತಸಾಕ್ಷಿಗಳನ್ನು ಧನ್ಯರೆಂದು ಘೋಷಿಸಲಾಯಿತು. ಆದರೆ ವಿಶ್ವಾಸವನ್ನು ಮೊಮ್ಮಕ್ಕಳಿಗೆ ದಾಟಿಸಿದವರು ತುಳಿದು ಬಂದು ಅತ್ತವರು. ತಾನು ಮಾಡಿದ್ದು ಪಾಪ ಎಂದು ಅವರಿಗೆ ಗೊತ್ತಿತ್ತು. ಕ್ಷಮೆ ಸಾಧ್ಯ ಎಂಬುದೂ ಗೊತ್ತಿತ್ತು. ಈ ಎರಡರಲ್ಲಿ ಯಾವುದೊಂದು ಮರೆತಿದ್ದರೂ ಎರಡು ತಲೆಮಾರಿನಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಮೊದಲನೆಯದನ್ನು ಮರೆತರೆ ತುಳಿಯುವುದು ರೂಢಿಯಾಗುತ್ತದೆ. ಎರಡನೆಯದನ್ನು ಮರೆತರೆ ಹತಾಶೆ.

ಎಲ್ಲವೂ ಶುದ್ಧವಾಗಿ ಉಳಿಯಿತು ಎಂದು ಹೇಳಿದರೆ ಅದು ಭಕ್ತಿಯ ಉತ್ಪ್ರೇಕ್ಷೆಯಾಗುತ್ತದೆ. ಕೇಳಿ ಕೇಳಿ ದಾಟಿಸಿದ ಲ್ಯಾಟಿನ್ ಮತ್ತು ಪೋರ್ಚುಗೀಸ್ ಪ್ರಾರ್ಥನೆಗಳು ಅರ್ಥ ಬಿಟ್ಟುಕೊಟ್ಟು ಬರೀ ದನಿಗಳಾದವು. ಇವರು ಬರೆದಿಟ್ಟುಕೊಂಡಿದ್ದ 'ತೆಂಚಿ ಹಜಿಮಾರಿ ನೊ ಕೊತೊ', ಅಂದರೆ 'ಭೂಮ್ಯಾಕಾಶಗಳ ಆದಿ', ಎಂಬ ಕಥನದಲ್ಲಿ ಪವಿತ್ರ ಗ್ರಂಥದ ಕಥೆಗಳು ವಿಚಿತ್ರ ರೂಪ ತಾಳಿವೆ. ಯೇಸುಕಂದನನ್ನು ನೋಡಲು ಬಂದ ಮೂವರು ತುರ್ಕಿ, ಮೆಕ್ಸಿಕೊ, ಫ್ರಾನ್ಸ್ ದೇಶಗಳ ಅರಸರು! ಪೊಂತಿಯುಸ್ ಪಿಲಾತನಂತೂ 'ಪೊನ್ಶಾ' ಮತ್ತು 'ಪಿರೊತೊ' ಎಂಬ ಇಬ್ಬರು ಆಳುಗಳಾಗಿಬಿಟ್ಟಿದ್ದಾನೆ. ನಗು ಬರುತ್ತದೆ. ಆದರೆ ಪ್ರತಿ ಭಾನುವಾರ ನಾವೇ ಗಟ್ಟಿಯಾಗಿ ಹೇಳುವ ಆ ಹೆಸರಿನವನು ಯಾರು, ಅವನ ಹೆಸರು ನಮ್ಮ ವಿಶ್ವಾಸಸಂಗ್ರಹದಲ್ಲಿ ಏಕಿದೆ ಎಂದು ನಮ್ಮ ದೃಢೀಕರಣದ ಮಕ್ಕಳನ್ನು ಕೇಳಿ ನೋಡಿ. ಅವರಿಗೆ ಪುಸ್ತಕವೂ ಗುರುಗಳೂ ಇರಲಿಲ್ಲ. ನಮಗೆ ಎರಡೂ ಇವೆ.

ಇನ್ನು 1865. ಹೊರದೇಶಗಳೊಡನೆ ಒಪ್ಪಂದವಾಗಿ ಬಂದರುಗಳು ತೆರೆದಿದ್ದವು. ವಿದೇಶೀಯರ ಬಳಕೆಗೆಂದು ನಾಗಸಾಕಿಯ ಔರಾದಲ್ಲಿ ಪ್ಯಾರಿಸ್ ವಿದೇಶೀ ಮಿಷನ್ ಸಭೆಯ ಗುರುಗಳು 26 ರಕ್ತಸಾಕ್ಷಿಗಳ ಹೆಸರಿನಲ್ಲಿ ಒಂದು ದೇವಾಲಯ ಕಟ್ಟಿದರು. ಜಪಾನೀಯರಿಗೆ ನಿಷೇಧ ಇನ್ನೂ ಜಾರಿಯಲ್ಲಿತ್ತು. ಮಾರ್ಚ್ 17ರ ಮಧ್ಯಾಹ್ನ ಹತ್ತು ಹದಿನೈದು ಜನರ ಒಂದು ಗುಂಪು ಬಾಗಿಲ ಬಳಿ ನಿಂತಿತ್ತು. ಬರ್ನಾರ್ಡ್ ಪೆತಿಜಾನ್ ಎಂಬ ಗುರುಗಳು ಬಾಗಿಲು ತೆರೆದು, ಪರಮಪ್ರಸಾದದ ಮುಂದೆ ಮಂಡಿಯೂರಿದರು. ಆಗ ಒಬ್ಬ ಹೆಂಗಸು ಹತ್ತಿರ ಬಂದು ಎದೆಯ ಮೇಲೆ ಕೈಯಿಟ್ಟು ಮೆಲ್ಲನೆ, ಇಲ್ಲಿರುವ ನಮ್ಮೆಲ್ಲರ ಹೃದಯವೂ ನಿಮ್ಮ ಹೃದಯವೂ ಒಂದೇ ಎಂಬರ್ಥದ ಮಾತು ಹೇಳಿದಳು. ನಂತರ ಸಾಂತಾ ಮರಿಯಾಳ ಪ್ರತಿಮೆ ಎಲ್ಲಿ ಎಂದು ಕೇಳಿದಳು. ತೋರಿಸಿದಾಗ ಎಲ್ಲರೂ ಕಂದನನ್ನು ಎತ್ತಿಕೊಂಡ ತಾಯಿಯನ್ನು ಗುರುತಿಸಿ ಸಂತೋಷಪಟ್ಟರು.

ಈ ಪ್ರಸಂಗವನ್ನು ಹಲವರು ಕೇಳಿದ್ದೀರಿ. ಅದರ ಜೊತೆಗೇ ಬರುವ ಒಂದು ಸಣ್ಣ ವಿವರ ನಮಗೆ ಇನ್ನೂ ದೊಡ್ಡದು. ಅವರು ಗುರುಗಳಿಗೆ, ನಾವು ಈಗ ದುಃಖದ ಕಾಲದ ಹದಿನೇಳನೆಯ ದಿನದಲ್ಲಿದ್ದೇವೆ, ನೀವೂ ಅದನ್ನು ಆಚರಿಸುತ್ತೀರಾ ಎಂದು ಕೇಳಿದರು. ದುಃಖದ ಕಾಲ ಎಂದರೆ ತಪಸ್ಸುಕಾಲ. ಆ ವರ್ಷ ಪಾಸ್ಕ ಹಬ್ಬ ಏಪ್ರಿಲ್ 16ಕ್ಕೆ. ವಿಭೂತಿ ಬುಧವಾರ ಮಾರ್ಚ್ 1ಕ್ಕೆ. ಎಣಿಸಿ ನೋಡಿ: ಮಾರ್ಚ್ 17 ಹದಿನೇಳನೆಯ ದಿನವೇ! ರೋಮಿನ ದಿನಸೂಚಿಯನ್ನು ಇನ್ನೂರು ಚಿಲ್ಲರೆ ವರ್ಷ ಕಾಣದ ಬೇಸಾಯಗಾರರು ಒಂದು ದಿನವೂ ತಪ್ಪದೆ ತಪಸ್ಸುಕಾಲದಲ್ಲಿದ್ದರು. ಕ್ಯಾಲೆಂಡರು ಗೋಡೆಯ ಮೇಲೆ ತೂಗುತ್ತಿದ್ದರೂ ಗುಡ್ ಫ್ರೈಡೇಗೆ ಎರಡು ದಿನ ಮುಂಚೆ 'ಸ್ವಾಮಿ, ತಪಸ್ಸುಕಾಲ ಶುರುವಾಯಿತಾ?' ಎಂದು ಫೋನು ಮಾಡುವವರನ್ನು ನಾವು ಬಲ್ಲೆವು.

ಅವರು ಸುಲಭಕ್ಕೆ ನಂಬುವವರೂ ಆಗಿರಲಿಲ್ಲ. ಕೆಲವು ವಾರಗಳ ಮೇಲೆ ಪೇತ್ರ ಎಂಬ ಹೆಸರಿನ ಒಬ್ಬ ನೀರಿನವನು ಬಂದು ಈ ವಿದೇಶೀ ಗುರುಗಳನ್ನೇ ಪರೀಕ್ಷೆ ಮಾಡಿದ: ರೋಮಿನ ದೊಡ್ಡ ಗುರುಗಳನ್ನು ಒಪ್ಪುತ್ತೀರಾ? ನಿಮಗೆ ಹೆಂಡತಿ ಮಕ್ಕಳಿಲ್ಲವೇ? ಉತ್ತರ ಕೇಳಿ ಸಮಾಧಾನಗೊಂಡ. ಗುರುಗಳೂ ಅವನನ್ನು ಕೇಳಿದರು: ದೀಕ್ಷಾಸ್ನಾನ ಕೊಡುವಾಗ ಯಾವ ಮಾತುಗಳನ್ನು ಹೇಳುತ್ತೀಯಾ? ಇಬ್ಬರೂ ಪರಸ್ಪರರನ್ನು ಅಳೆದದ್ದು ಧರ್ಮೋಪದೇಶದಿಂದಲೇ. ಕಣ್ಣೀರು, ಅಪ್ಪುಗೆ ಎಲ್ಲ ಇದ್ದೀತು. ಗುರುತಿನ ಚೀಟಿ ಮಾತ್ರ ಬೋಧನೆ.

ಮುಂದಿನದು ಅಷ್ಟು ಸುಖದ ಕಥೆಯಲ್ಲ. ಗುರುಗಳಿಂದ ಮತ್ತೆ ಧರ್ಮೋಪದೇಶ ಪಡೆದ ಉರಕಾಮಿಯವರಿಗೆ ಪಕ್ಕದ ಕೋಣೆಯಲ್ಲಿ ಗುಟ್ಟಾಗಿ ಪ್ರಾರ್ಥಿಸುವುದು ಸಾಲದಾಯಿತು. 1867ರಲ್ಲಿ ಸಾವಾದ ಮನೆಗಳವರು ಸನ್ಯಾಸಿಯನ್ನು ಕರೆಯದೆ ತಾವೇ ಶವಸಂಸ್ಕಾರ ಮಾಡಿದರು. ಒಂದು ಶವಸಂಸ್ಕಾರ! ಅದಕ್ಕಾಗಿ ರಾತ್ರೋರಾತ್ರಿ ಅರವತ್ತಕ್ಕೂ ಹೆಚ್ಚು ಜನರ ಬಂಧನವಾಯಿತು. ಹಿಂಸೆ ತಡೆಯಲಾರದೆ ಅವರಲ್ಲಿ ಹೆಚ್ಚಿನವರು ವಿಶ್ವಾಸ ಬಿಟ್ಟೆವೆಂದರು. ದೊಮಿಂಗೊ ತಕಾಗಿ ಸೆನೆಮೊನ್ ಎಂಬಾತ ಮಾತ್ರ ಮಣಿಯಲಿಲ್ಲ. ಅವನು ಮನೆಗೆ ಬಂದದ್ದನ್ನು ನೋಡಿ ಬಿಟ್ಟವರೂ ನಾಚಿ ಮರಳಿದರು. 1868ರಿಂದ ಹಳ್ಳಿಗೆ ಹಳ್ಳಿಯನ್ನೇ, ಸುಮಾರು 3,400 ಜನರನ್ನು, ದೇಶದ ಬೇರೆ ಬೇರೆ ಭಾಗಗಳಿಗೆ ಗಡೀಪಾರು ಮಾಡಿದರು. 600ಕ್ಕೂ ಹೆಚ್ಚು ಜನ ಅಲ್ಲಿಯೇ ಸತ್ತರು. ಸೆನೆಮೊನ್ ಮತ್ತು ಅವನ ಜೊತೆಯವರನ್ನು ತ್ಸುವಾನೊ ಎಂಬ ಊರಿನಲ್ಲಿ ಚಳಿಗಾಲದ ಹೆಪ್ಪುಗಟ್ಟಿದ ಕೊಳಕ್ಕೆ ದೂಡಿ ಹಿಂಸಿಸಿದರು. ಆ ಜನ ಈ ಗಡೀಪಾರನ್ನು 'ಪ್ರಯಾಣ' ಎಂದೇ ಕರೆಯುತ್ತಿದ್ದರು. 1873ರ ಫೆಬ್ರವರಿಯಲ್ಲಿ ನಿಷೇಧದ ಫಲಕಗಳನ್ನು ತೆಗೆದ ಮೇಲೆ ಉಳಿದವರು ಊರಿಗೆ ಬಂದರು.

ಬಂದವರಲ್ಲಿ ಇವನಾಗ ಮಾಕಿ ಎಂಬ ಇಪ್ಪತ್ತೈದರ ಆಸುಪಾಸಿನ ಯುವತಿಯೊಬ್ಬಳಿದ್ದಳು. 1874ರಲ್ಲಿ ಆ ಸೀಮೆಯಲ್ಲಿ ಆಮಶಂಕೆಯ ಪಿಡುಗು ಹಬ್ಬಿತು. ಮಾಕಿ ಮತ್ತು ಅವಳ ಗೆಳತಿಯರು ಮಾರ್ಕ್ ದ ರೊಟ್ಸ್ ಎಂಬ ಗುರುಗಳೊಡನೆ ರೋಗಿಗಳ ಸೇವೆಗೆ ಇಳಿದರು. ತಬ್ಬಲಿ ಮಕ್ಕಳನ್ನು ಮನೆಗೆ ತಂದು ಸಾಕಿದರು. ಜಪಾನಿನ ಕಥೋಲಿಕ ಅನಾಥಾಲಯಗಳ ಕಥೆ ಅಲ್ಲಿಂದ ಬೆಳೆಯುತ್ತದೆ. ದೊಚಿರಿನ ಪುಸ್ತಕದಲ್ಲಿ ದಯೆಯ ಕಾರ್ಯಗಳ ಪಟ್ಟಿಯೂ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1880ರಲ್ಲಿ ಊರವರು ಹಣ ಕೂಡಿಸಿ ಆ ಮುಖ್ಯಸ್ಥನ ಮನೆಯ ಜಾಗವನ್ನೇ ಕೊಂಡರು. ವರ್ಷ ವರ್ಷವೂ ಚಿತ್ರಫಲಕ ತುಳಿದ ಅದೇ ನೆಲ. ಅಲ್ಲಿ ಕಟ್ಟಿದ ದೊಡ್ಡ ದೇವಾಲಯ 1914ರಲ್ಲಿ ಪ್ರತಿಷ್ಠೆಯಾಯಿತು. 1945ರ ಆಗಸ್ಟ್ 9ರಂದು ಅಣುಬಾಂಬು ಬಿದ್ದಾಗ, ಸ್ವರ್ಗಸ್ವೀಕಾರದ ಹಬ್ಬಕ್ಕೆ ಸಿದ್ಧತೆಯಾಗಿ ಅಲ್ಲಿ ಪಾಪನಿವೇದನೆ ನಡೆಯುತ್ತಿತ್ತು. ಕೇಳುತ್ತಿದ್ದ ಇಬ್ಬರು ಗುರುಗಳೂ, ಸರದಿಯಲ್ಲಿದ್ದವರೂ ಸತ್ತರು. ಆ ಧರ್ಮಕೇಂದ್ರದ 12,000 ಜನರಲ್ಲಿ ಸುಮಾರು 8,500 ಜನ ಸತ್ತರೆಂದು ಲೆಕ್ಕ. ದೇವಾಲಯವನ್ನು 1959ರಲ್ಲಿ ಮತ್ತೆ ಕಟ್ಟಿದರು.

ಎಲ್ಲರೂ ಧರ್ಮಸಭೆಗೆ ಮರಳಲಿಲ್ಲ ಎಂಬುದನ್ನೂ ಹೇಳಬೇಕು. ಇಕಿತ್ಸುಕಿ ಮುಂತಾದ ದ್ವೀಪಗಳಲ್ಲಿ ಕೆಲವು ಮನೆತನಗಳು ಹಿರಿಯರು ದಾಟಿಸಿದ ರೂಪವನ್ನೇ ಹಿಡಿದುಕೊಂಡು ಪ್ರತ್ಯೇಕವಾಗಿ ಉಳಿದವು. ಅವರಿಗೆ ಹೊಸ ಗುರುಗಳ ಬೋಧನೆಗಿಂತ ಅಜ್ಜನ ದನಿಯೇ ಪ್ರಿಯವಾಯಿತು. ಅವರನ್ನು ಹಳಿಯುವ ಹಕ್ಕು ನಮಗಿಲ್ಲ. ಆ ದನಿಯ ಹಿಂದಿನ ಅರ್ಥ ಕಳೆದುಹೋಗಿತ್ತು ಎಂಬ ವ್ಯಥೆ ಮಾತ್ರ ಇದೆ.

ಔರಾದಲ್ಲಿ ಬಾಗಿಲು ತೆರೆದ ಗುರುಗಳ ಸಂಸ್ಥೆ ನಮಗೆ ಹೊಸದಲ್ಲ. ಮೈಸೂರು ಸೀಮೆಯಲ್ಲಿ 1799ರ ನಂತರ ಚದುರಿದ್ದ ಕ್ರೈಸ್ತರನ್ನು ಹುಡುಕಿ ಕೂಡಿಸಿದ ಅಬ್ಬೆ ದುಬುವಾ ಇದೇ ಪ್ಯಾರಿಸ್ ಸಭೆಯವರು. ಬೆಂಗಳೂರು, ಮೈಸೂರಿನ ಹಳೆಯ ಧರ್ಮಕೇಂದ್ರಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರೂ ಅವರೇ. 1784ರಿಂದ 1799ರವರೆಗೆ ಸೆರೆಯಲ್ಲಿದ್ದ ಕರಾವಳಿಯ ಕ್ರೈಸ್ತರೂ ಗುರುಗಳಿಲ್ಲದ ವರ್ಷಗಳನ್ನು ಕಂಡವರು. ಬೇರೆ ಸಮುದ್ರ, ಬೇರೆ ಅರಸು. ಮನೆಯೊಳಗಿನ ಪ್ರಶ್ನೆ ಒಂದೇ ಆಗಿತ್ತು.

ಆ ಪ್ರಶ್ನೆ ನಮ್ಮ ಮನೆಗಳಿಗೂ ಒಮ್ಮೆ ಬಂದುಹೋಯಿತು. 2020ರ ತಪಸ್ಸುಕಾಲದಲ್ಲಿ ಸಾಂಕ್ರಾಮಿಕದಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿತು. ಆ ಮಾರ್ಚ್ 20ರಂದು ಜಗದ್ಗುರು ಫ್ರಾನ್ಸಿಸರು ತಮ್ಮ ಬೆಳಗಿನ ಪೂಜೆಯ ಪ್ರಬೋಧನೆಯಲ್ಲಿ, ಗುರುಗಳು ಸಿಗದವರು ನೇರವಾಗಿ ದೇವರೊಡನೆ ಮಾತಾಡಿ ಮನಸಾರೆ ಪಶ್ಚಾತ್ತಾಪ ಪಡಿರಿ, ಮುಂದೆ ಪಾಪನಿವೇದನೆ ಮಾಡುವೆನೆಂದು ಮಾತು ಕೊಡಿರಿ ಎಂದು ಕಲಿಸಿದರು. ಹೊಸದೇನನ್ನೂ ಅವರು ಹೇಳಲಿಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1452ನೆಯ ಕಂಡಿಕೆಯಲ್ಲಿ ಅದು ಇದೆ. ಆದರೂ ಎಷ್ಟೋ ಜನ ಇದು ಹೊಸ ರಿಯಾಯಿತಿ ಎಂದುಕೊಂಡರು. ಅದೇ ದಿನಗಳಲ್ಲಿ ಗುರುಗಳು ಹತ್ತಿರ ಬರಲಾಗದೆ ಆಸ್ಪತ್ರೆಯ ಹಾಸಿಗೆಯಲ್ಲಿ ಒಂಟಿಯಾಗಿ ಸತ್ತವರಲ್ಲಿ ಈ ಮಂತ್ರ ಬಾಯಿಗೆ ಬರುವವರು ಎಷ್ಟು ಮಂದಿ ಇದ್ದರೋ ದೇವರೇ ಬಲ್ಲ. ತುರ್ತಿನಲ್ಲಿ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು ಎಂಬುದು ನಮ್ಮ ಎಷ್ಟು ಮನೆಗಳಲ್ಲಿ ಗೊತ್ತಿದೆ? ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ನಮ್ಮ ದಾದಿಯರಿಗೆ ಗೊತ್ತಿದೆ, ಅವರಿಗೆ ವಂದನೆ. ಉಳಿದವರು ಗುರುಗಳ ಮೊಬೈಲ್ ನಂಬರ್ ಹುಡುಕುತ್ತಾರೆ.

ಆದ್ದರಿಂದ ಈ ಸಲ ನಮ್ಮ ಧರ್ಮಕೇಂದ್ರದಲ್ಲಿ ನವೆಂಬರ್ 24ರಿಂದ ಆರಂಭವಾಗುವ ಸಂತ ಫ್ರಾನ್ಸಿಸ್ ಕ್ಸೇವಿಯರರ ನೊವೆನಾದಲ್ಲಿ ಪ್ರತಿ ಸಂಜೆ ವಿಶ್ವಾಸಸಂಗ್ರಹದ ಒಂದು ವಾಕ್ಯವನ್ನು ಮಾತ್ರ ವಿವರಿಸುವುದೆಂದು ಗೊತ್ತುಮಾಡಿದ್ದೇವೆ. ಪ್ರಶ್ನೆ ಕೇಳುವುದು ಜನ, ಉತ್ತರಿಸುವುದು ನಾವು. ವಾಕ್ಯಗಳು ಹನ್ನೆರಡು, ನೊವೆನಾಕ್ಕೆ ಒಂಬತ್ತೇ ದಿನ. ಉಳಿದ ಮೂರನ್ನು ಹಬ್ಬದ ನಂತರ ಬರುವ ಆಗಮನ ಕಾಲದ ಮೂರು ಭಾನುವಾರಗಳಿಗೆ ಇಟ್ಟಿದ್ದೇವೆ. ಪೊಂತಿಯುಸ್ ಪಿಲಾತನ ಸರದಿ ನಾಲ್ಕನೆಯ ದಿನ.